ತೊಳೆದುಕೊಟ್ಟ ಹಾಲಿನ ಕವರ್ ಮುಂದೆ ಏನಾಗುತ್ತದೆ?

ಮನೆಯ ಕಸದ ವಿಷಯವಾಗಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಅದೇ ಐದಾರು ಪ್ರಶ್ನೆಗಳನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಅವುಗಳಿಗೆ ಒಟ್ಟಾಗಿ ಉತ್ತರಿಸಿಬಿಡುವುದು ಇಬ್ಬರಿಗೂ ಕ್ಷೇಮ. ಹಸಿ ಕಸ ಯಾವುದು, ಒಣ ಕಸ ಯಾವುದು ಎಂಬುದನ್ನು ಮಾತ್ರ ನಾನಿಲ್ಲಿ ವಿವರಿಸುವುದಿಲ್ಲ. ಬೆಂಗಳೂರಿನ ಮನೆಗಳಿಗೆ ‘ಎರಡು ಡಬ್ಬಿ, ಒಂದು ಚೀಲ’ದ ಪದ್ಧತಿಯನ್ನು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಕಡ್ಡಾಯ ಮಾಡಿತು, ಮರುವರ್ಷ ಕೇಂದ್ರ ಸರ್ಕಾರದ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಬಂದವು. ಇಷ್ಟು ವರ್ಷಗಳಾದ ಮೇಲೂ ಅದು ತಿಳಿಯದು ಎನ್ನುವವರಿಗೆ ತಿಳಿಯುವ ಮನಸ್ಸಿಲ್ಲವೆಂದೇ ನಾನು ಭಾವಿಸುತ್ತೇನೆ.

ಪ್ರಶ್ನೆ: ಹಾಲಿನ ಕವರ್, ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ ಎಲ್ಲವನ್ನೂ ತೊಳೆದು ಒಣಗಿಸಿ ಕೊಡುತ್ತೇವೆ. ಇವುಗಳಿಂದ ನಿಜವಾಗಿ ಏನಾದರೂ ತಯಾರಾಗುತ್ತದೆಯೇ, ಅಥವಾ ಕೊನೆಗೆ ಯಾವುದೋ ಹಳ್ಳಿಯ ಗುಂಡಿಗೇ ಹೋಗುತ್ತವೆಯೇ? ಎಲ್ಲದರ ಮೇಲೂ ಮರುಬಳಕೆಯ ತ್ರಿಕೋನದ ಗುರುತು ಇದೆಯಲ್ಲ?

ಮೊದಲು ತ್ರಿಕೋನದ ಭ್ರಮೆಯನ್ನು ಬಿಡಿ. ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು 1988ರಲ್ಲಿ ತಂದ ಆ ಗುರುತಿನೊಳಗಿನ 1ರಿಂದ 7ರವರೆಗಿನ ಅಂಕಿ, ಆ ವಸ್ತು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನಷ್ಟೇ ಹೇಳುತ್ತದೆ. ಅದನ್ನು ಯಾರಾದರೂ ಕೊಳ್ಳುತ್ತಾರೆಂದಾಗಲಿ, ಕರಗಿಸಿ ಮತ್ತೇನನ್ನೋ ಮಾಡುತ್ತಾರೆಂದಾಗಲಿ ಅದು ಭರವಸೆ ಕೊಡುವುದಿಲ್ಲ. ನೀವು ಒಂದೇ ಚೀಲಕ್ಕೆ ಹಾಕಿರುವ ಮೂರು ವಸ್ತುಗಳಿಗೆ ಮೂರು ಬೇರೆ ಗತಿಗಳಿವೆ.

ನೀರಿನ ಮತ್ತು ತಂಪು ಪಾನೀಯದ ಬಾಟಲಿಗಳು ಪೆಟ್ ಎಂಬ ಪ್ಲಾಸ್ಟಿಕ್‌ನವು. ಇದು ರಾಸಾಯನಿಕವಾಗಿ ಸೀರೆ, ಷರಟುಗಳ ಪಾಲಿಯೆಸ್ಟರೇ ಆಗಿರುವುದರಿಂದ ಮರಳಿ ನೂಲಾಗುವುದು ಇದಕ್ಕೆ ಕಷ್ಟವಲ್ಲ. ಬಾಟಲಿಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ, ಒತ್ತಿ, ಬೇಲ್ ಕಟ್ಟಿ ಕಾರ್ಖಾನೆಗೆ ಕಳುಹಿಸುತ್ತಾರೆ. ಅಲ್ಲಿ ಅವನ್ನು ಉಗುರಿನಗಲದ ಚೂರುಗಳಾಗಿ ಕತ್ತರಿಸಿ, ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ನೀರಿನ ತೊಟ್ಟಿಗೆ ಬಿಡುತ್ತಾರೆ. ಪೆಟ್ ನೀರಿಗಿಂತ ಭಾರವಾದ್ದರಿಂದ ಮುಳುಗುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಹಗುರವಾದ್ದರಿಂದ ತೇಲುತ್ತದೆ. ಮುಚ್ಚಳವನ್ನು ಬಿಚ್ಚಿ ಬೇರೆ ಕೊಡಬೇಕೇ ಎಂದು ಬರೆಯುವವರು ಇನ್ನು ಬರೆಯಬೇಕಾಗಿಲ್ಲ. ನಿಜವಾಗಿ ಕಾಟ ಕೊಡುವುದು ಕೆಲವು ಬಾಟಲಿಗಳಿಗೆ ಮೈತುಂಬ ತೊಡಿಸಿರುವ, ಪಿವಿಸಿ ಎಂಬ ಬೇರೆ ಜಾತಿಯ ಪ್ಲಾಸ್ಟಿಕ್‌ನ ಲೇಬಲ್. ಅದೂ ಪೆಟ್‌ನಂತೆಯೇ ಮುಳುಗುವುದರಿಂದ ತೊಟ್ಟಿಯಲ್ಲಿ ಬೇರ್ಪಡುವುದಿಲ್ಲ. ಮುಂದೆ ಸುಮಾರು 250ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೆಟ್ ಕರಗುವ ಹೊತ್ತಿಗೆ ಪಿವಿಸಿ ಸುಟ್ಟು ಕರಿ ಚುಕ್ಕೆಗಳಾಗಿ, ಆಮ್ಲವನ್ನು ಬಿಟ್ಟು, ಇಡೀ ಘಾಣವನ್ನೇ ಹಳದಿ ಮಾಡಿ ಕೆಡಿಸುತ್ತದೆ. ಅಂಥ ಲೇಬಲನ್ನು ಹರಿದು ತೆಗೆದರೆ ನೀವು ಉಪಕಾರ ಮಾಡಿದಂತೆ. ಶುದ್ಧವಾಗಿ ಉಳಿದ ಚೂರು ಕರಗಿ, ಸಣ್ಣ ರಂಧ್ರಗಳ ಮೂಲಕ ಎಳೆಯಾಗಿ ಇಳಿದು, ದಿಂಬಿನ ಹತ್ತಿ, ಸೋಫಾದ ತುಂಬು, ಕಾರ್ಪೆಟ್ಟು, ಚಳಿಗಾಲದ ಅಂಗಿಗಳಾಗುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಮಾವೇಶದಲ್ಲಿ ಪ್ರಧಾನಿಯವರಿಗೆ ಕೊಟ್ಟ, ಅವರು ಎರಡು ದಿನಗಳ ಬಳಿಕ ಸಂಸತ್ತಿಗೂ ತೊಟ್ಟುಹೋದ ನೀಲಿ ಜಾಕೆಟ್ಟು ಇಂಥದ್ದೇ ನೂಲಿನದು.

ಹಾಲಿನ ಕವರ್‌ನ ಕತೆ ಬೇರೆ. ಅದು ಗುಜರಿಯವರು ‘ಎಲ್‌ಡಿ’ ಎಂದು ಕರೆಯುವ ಮೆತ್ತನೆಯ ಪಾಲಿಥೀನ್. ತೆಳು ಪ್ಲಾಸ್ಟಿಕ್‌ಗಳ ಪೈಕಿ ಇದಕ್ಕೆ ಒಳ್ಳೆಯ ಬೆಲೆಯಿದೆ, ಆದರೆ ಹಾಲಿನ ಪಸೆ ಉಳಿದು ಹುಳಿತು ನಾರಿದ ಕವರನ್ನು ಯಾರೂ ಕೈಯಲ್ಲಿ ಮುಟ್ಟಲು ಒಪ್ಪುವುದಿಲ್ಲ. ಒಳಗೆ ಒಂದಿಷ್ಟು ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಚೆಲ್ಲಿ, ಕವರನ್ನು ಹಗ್ಗದ ಮೇಲೆ ಹಾಕಿದರೆ ಸಾಕು. ಸೋಪು ಹಾಕಿ ತಿಕ್ಕಿ ತೊಳೆಯುವವರು ನೀರನ್ನು ದಂಡ ಮಾಡುತ್ತಿದ್ದಾರೆ. ಕತ್ತರಿಸುವಾಗ ಮೂಲೆಯ ತುಣುಕನ್ನು ಪೂರ್ತಿ ಬೇರ್ಪಡಿಸದೆ ಕವರಿಗೇ ಅಂಟಿರುವಂತೆ ಬಿಡಿ, ಏಕೆಂದರೆ ಆ ತ್ರಿಕೋನದ ಚೂರು ಸಿಂಕಿನಿಂದ ತರಕಾರಿ ಸಿಪ್ಪೆಗೆ, ಸಿಪ್ಪೆಯಿಂದ ಗೊಬ್ಬರಕ್ಕೆ, ಗೊಬ್ಬರದಿಂದ ರೈತನ ಹೊಲಕ್ಕೆ ಹೋಗುತ್ತದೆಯೇ ಹೊರತು ಮರುಬಳಕೆಗೆ ಎಂದೂ ಬರುವುದಿಲ್ಲ. ಘಟಕಕ್ಕೆ ತಲುಪಿದ ಕವರುಗಳು ಚೂರಾಗಿ, ತೊಳೆದು, ಕರಗಿ, ಶಾವಿಗೆಯಂತೆ ಎಳೆಯೆಳೆಯಾಗಿ ನೀರಿನ ತೊಟ್ಟಿಗೆ ಇಳಿದು, ಗಟ್ಟಿಯಾದೊಡನೆ ಕಾಳುಗಳಾಗಿ ತುಂಡಾಗುತ್ತವೆ. ಕವರಿನ ಮೇಲೆ ಮುದ್ರಿಸಿದ ನೀಲಿ, ಹಸಿರು, ಕಿತ್ತಳೆ ಶಾಯಿಗಳೆಲ್ಲ ಬೆರೆತು ಈ ಕಾಳು ಮಸುಕು ಬಣ್ಣಕ್ಕೆ ತಿರುಗುವುದರಿಂದ ಅದಕ್ಕೆ ಕಪ್ಪು ಬಣ್ಣ ಸೇರಿಸುತ್ತಾರೆ. ತೋಟದ ನೀರಿನ ಪೈಪು, ಕಸದ ಚೀಲ, ಕಪ್ಪು ಹಾಳೆಗಳು ಹೀಗೆ ಹುಟ್ಟುತ್ತವೆ. ಹಾಲಿನ ಕವರ್ ಮತ್ತೆ ಹಾಲಿನ ಕವರ್ ಆಗುವುದಿಲ್ಲ. ಯಾವ ಕವರ್ ಯಾವ ಮೋರಿಯ ಬದಿಯಿಂದ ಬಂತೆಂದು ತಿಳಿಯದ ಕಾರಣ, ಬೀದಿಯಲ್ಲಿ ಅಗ್ಗಕ್ಕೆ ಸಿಗುವ ಕಪ್ಪು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾನಂತೂ ಉಪ್ಪಿನಕಾಯಿ ಇಡುವುದಿಲ್ಲ.

ಇನ್ನು ಚಿಪ್ಸ್ ಪೊಟ್ಟಣ. ಪ್ಲಾಸ್ಟಿಕ್ ಪದರ, ಅದರ ಮೇಲೆ ಆವಿಯಾಗಿ ಹಿಡಿಸಿದ ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್ ಪದರ ಎಂದು ಅಂಟಿಸಿ ಮಾಡಿದ ಆ ಹೊಳೆಯುವ ಹಾಳೆಯನ್ನು ಬಿಡಿಸಿ ಬೇರೆ ಮಾಡುವ, ಲಾಭ ತರುವ ದಾರಿ ಮಾರುಕಟ್ಟೆಯಲ್ಲಿ ಇಲ್ಲದ್ದರಿಂದ ಯಾವ ಗುಜರಿ ಅಂಗಡಿಯೂ ಅದನ್ನು ಕೊಳ್ಳುವುದಿಲ್ಲ. ಅದೃಷ್ಟವಿದ್ದರೆ ಅದು ಕಲಬುರಗಿ ಅಥವಾ ಬಾಗಲಕೋಟೆ ಕಡೆಯ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹೋಗಿ, 1,400 ಡಿಗ್ರಿಗೂ ಮೀರಿದ ಉರಿಯಲ್ಲಿ ಕಲ್ಲಿದ್ದಲಿನ ಬದಲು ಸುಡುತ್ತದೆ. ಇದನ್ನು ಮರುಬಳಕೆ ಎಂದು ಕರೆಯುವವರ ಜತೆ ನನಗೆ ಸಹಮತವಿಲ್ಲ. ಗುಂಡಿಗೆ ಹೋಗುವುದಕ್ಕಿಂತ ಮೇಲು, ಅಷ್ಟೇ. ತೆಳು ಪ್ಲಾಸ್ಟಿಕ್ ಅನ್ನು ಚೂರು ಮಾಡಿ ಡಾಂಬರಿಗೆ ಸೇರಿಸಿ ರಸ್ತೆ ಮಾಡುವ ಕ್ರಮ ಈ ಶತಮಾನದ ಆರಂಭದಿಂದ ಬೆಂಗಳೂರಿನಲ್ಲಿದೆ, ಮದುರೆಯ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರಿಗೆ ಈ ಕೆಲಸಕ್ಕಾಗಿಯೇ 2018ರಲ್ಲಿ ಪದ್ಮಶ್ರೀ ಬಂತು, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 2013ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು. ಆದರೆ ಅಲ್ಲಿ ಸೇರಿಸುವ ಪ್ಲಾಸ್ಟಿಕ್ ಡಾಂಬರಿನ ತೂಕದ ನೂರರಲ್ಲಿ ಆರರಿಂದ ಎಂಟು ಪಾಲಿನಷ್ಟು ಮಾತ್ರ. ಊರಿನ ಎಲ್ಲ ಪೊಟ್ಟಣಗಳನ್ನೂ ರಸ್ತೆ ನುಂಗಿಬಿಡುತ್ತದೆಂದು ನಂಬಿ ನಿಶ್ಚಿಂತೆಯಿಂದ ತಿನ್ನುತ್ತಿರುವವರು ಇದನ್ನು ಗಮನಿಸಬೇಕು.

ಈ ಮೂರು ಗತಿಗಳಲ್ಲಿ ಯಾವುದು ಒದಗುತ್ತದೆ ಎನ್ನುವುದು ವಿಂಗಡಿಸುವ ಕೈಗಳ ಮೇಲೆ ನಿಂತಿದೆ. ಮೈಸೂರು ರಸ್ತೆಯ ನಾಯಂಡಹಳ್ಳಿಯ ಸುತ್ತಲಿನ ಸಣ್ಣ ಘಟಕಗಳಲ್ಲಿ ಯಂತ್ರದ ಸಹಾಯವಿಲ್ಲದೆ ಪ್ಲಾಸ್ಟಿಕ್‌ನ ಜಾತಿ ಗುರುತಿಸುವುದನ್ನು ಒಮ್ಮೆ ನೋಡಬೇಕು. ತುಂಡನ್ನು ಬೆರಳಲ್ಲಿ ಮಡಚಿ ಬರುವ ಶಬ್ದವನ್ನು ಕೇಳುತ್ತಾರೆ. ಆಗಲೂ ಅನುಮಾನ ಉಳಿದರೆ ಅಂಚಿಗೆ ಲೈಟರ್ ತಾಗಿಸಿ ವಾಸನೆ ನೋಡುತ್ತಾರೆ. ಆಗಷ್ಟೇ ಆರಿಸಿದ ಮೇಣದಬತ್ತಿಯ ವಾಸನೆ ಬಂದರೆ ಪಾಲಿಥೀನ್, ಮೂಗು ಸುಡುವ ಘಾಟು ಬಂದರೆ ಪಿವಿಸಿ. (ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ, ಆ ಘಾಟು ಹೈಡ್ರೋಕ್ಲೋರಿಕ್ ಆಮ್ಲದ್ದು.) ಇಷ್ಟು ನುರಿತವರ ಮುಂದೆಯೂ ಸಾಂಬಾರು ಮೆತ್ತಿದ ಚೀಲವನ್ನು ಸುರಿದರೆ ಅವರು ಮಾಡಬಹುದಾದದ್ದು ಏನೂ ಇಲ್ಲ. ಬೆರೆತ ಮೇಲೆ ಬೇರ್ಪಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಒದ್ದೆಯಾದ ರದ್ದಿ ಮುದ್ದೆಯಾಗುತ್ತದೆ, ಕವರ್ ನಾರುತ್ತದೆ, ಬೆಲೆ ಸೊನ್ನೆಯಾಗುತ್ತದೆ, ಬೆಲೆಯಿಲ್ಲದ್ದು ನೀವು ಹೆದರಿದ ಗುಂಡಿಗೇ ಹೋಗುತ್ತದೆ. ಆ ಗುಂಡಿ ಎಂಥದೆಂದು ಬೆಂಗಳೂರಿನ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರದವರನ್ನೂ ಮಂಡೂರಿನವರನ್ನೂ ಕೇಳಿ. ನಗರದ ಬೆರಕೆ ಕಸದಿಂದ ಜಿನುಗಿದ ಕಪ್ಪು ನೀರು ಮಾವಳ್ಳಿಪುರದ ಸುತ್ತಲಿನ ಬಾವಿ, ಕೆರೆಗಳನ್ನು ಕೆಡಿಸಿದ ಮೇಲೆ, 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಹೊರೆ ಹೊತ್ತ ಮಂಡೂರಿನವರು ಬೀದಿಗಿಳಿದು ಹೋರಾಡಿ, 2014ರ ಡಿಸೆಂಬರ್‌ನಿಂದ ಲಾರಿಗಳನ್ನು ತಡೆದರು.

ಪ್ರಶ್ನೆ: ನಾವು ಬೇರೆ ಬೇರೆ ಮಾಡಿ ಕೊಟ್ಟರೂ ಆಟೋದವನು ಎಲ್ಲವನ್ನೂ ಒಟ್ಟಿಗೇ ಸುರಿಯುತ್ತಾನೆ. ಮತ್ತೇಕೆ ಈ ಶ್ರಮ?

ಕೆಲವೆಡೆ ಹಾಗೆ ಮಾಡುತ್ತಾರೆ, ಸುಳ್ಳಲ್ಲ. ಫೋಟೊ ತೆಗೆದು ದೂರು ಕೊಡಿ. ದೂರಿಗೆ ಬೆಲೆ ಸಿಗುವವರೆಗೆ ಒಣ ಕಸವನ್ನು ಚೀಲದಲ್ಲಿ ಕೂಡಿಟ್ಟು, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ನೀವೇ ಒಯ್ದು ಕೊಡಿ. ಒಣಗಿದ ವಸ್ತು ಕೊಳೆಯುವುದಿಲ್ಲ.

ಪ್ರಶ್ನೆ: ವಿದ್ಯುತ್ತೂ ಇಂಧನವೂ ಇಲ್ಲದೆ, ಅಯಸ್ಕಾಂತದ ಬಲದಿಂದ ಎಲ್ಲ ಕಸವನ್ನೂ ಹಿಡಿ ಬೂದಿ ಮಾಡುವ ಯಂತ್ರವನ್ನು ನಮ್ಮ ಅಪಾರ್ಟ್‌ಮೆಂಟಿಗೆ ಕೊಳ್ಳಬಹುದೇ?

ಕೊಳ್ಳಬೇಡಿ. ಗಾಳಿ ಅಯಸ್ಕಾಂತದ ನಡುವೆ ಹಾದು ಹೋದ ಮಾತ್ರಕ್ಕೆ ಪ್ಲಾಸ್ಟಿಕ್ ಮಾಯವಾಗುವುದಿಲ್ಲ. ಆ ಪೆಟ್ಟಿಗೆಯೊಳಗೆ ನಡೆಯುವುದು ಸಾಕಷ್ಟಿಲ್ಲದ ಗಾಳಿಯಲ್ಲಿ, ಸಾಕಷ್ಟಿಲ್ಲದ ಶಾಖದಲ್ಲಿ ಹೊಗೆಯಾಡುವ ಬೆಂಕಿ. ಪಿವಿಸಿಯಂಥ ಕ್ಲೋರಿನ್ ಇರುವ ವಸ್ತು ಹೀಗೆ ಅರೆಬರೆ ಉರಿದಾಗ ಹುಟ್ಟುವ ಡಯಾಕ್ಸಿನ್, ಮನುಷ್ಯ ತಯಾರಿಸಿದ ವಿಷಗಳಲ್ಲಿ ಅತ್ಯಂತ ಕೆಟ್ಟವುಗಳ ಸಾಲಿಗೆ ಸೇರುತ್ತದೆ. ಸರಿಯಾದ ದಹನ ಘಟಕಕ್ಕೆ ಅತಿ ಹೆಚ್ಚಿನ ಶಾಖ, ಹೊಗೆ ತೊಳೆಯುವ ವ್ಯವಸ್ಥೆ, ನಿರಂತರ ಅಳತೆ ಎಲ್ಲವೂ ಬೇಕು. ನಿಮ್ಮ ಕಾಂಪೌಂಡಿನ ಮೂಲೆಯಲ್ಲಿ, ಮಕ್ಕಳ ಉಯ್ಯಾಲೆಯ ಪಕ್ಕದಲ್ಲಿ ಅದು ಸಾಧ್ಯವಿಲ್ಲ. ಮಾರಲು ಬಂದವರ ಬಳಿ ಚಿಮಣಿಯ ಹೊಗೆಯ ಪ್ರಯೋಗಾಲಯ ವರದಿಯನ್ನು, ಅದರಲ್ಲೂ ಡಯಾಕ್ಸಿನ್‌ನ ಅಳತೆಯನ್ನು ಕೇಳಿ. ಮರುದಿನ ಫೋನು ಬರುವುದು ನಿಲ್ಲುತ್ತದೆ.

ಪ್ರಶ್ನೆ: ಮಣ್ಣಿನಲ್ಲಿ ಕರಗುವ ‘ಬಯೋ’ ಕವರುಗಳನ್ನು ಬಳಸಿದರೆ ಇದ್ಯಾವ ತಾಪತ್ರಯವೂ ಇಲ್ಲವಲ್ಲ?

ಅವುಗಳಲ್ಲಿ ಕೆಲವು ಪುಡಿಪುಡಿಯಾಗಿ ಕಣ್ಮರೆಯಾಗುತ್ತವೆಯೇ ಹೊರತು ಕರಗುವುದಿಲ್ಲ. ನಿಜವಾಗಿ ಗೊಬ್ಬರವಾಗುವ ಜಾತಿಯವಕ್ಕೂ ಸಾಮಾನ್ಯವಾಗಿ ದೊಡ್ಡ ಗೊಬ್ಬರ ಘಟಕದ 58 ಡಿಗ್ರಿಯ ಆಸುಪಾಸಿನ ಶಾಖ ವಾರಗಟ್ಟಲೆ ಬೇಕು. ನಿಮ್ಮ ಬಾಲ್ಕನಿಯ ಕುಂಡದಲ್ಲಿ ಅದು ಸಿಗದು. ಒಣ ಕಸಕ್ಕೆ ಸೇರಿದರೆ ಒಳ್ಳೆಯ ಪ್ಲಾಸ್ಟಿಕ್‌ನ ರಾಶಿಯನ್ನೂ ಕೆಡಿಸುತ್ತವೆ. ಬಟ್ಟೆ ಚೀಲ ಒಯ್ಯಿರಿ.

ಪ್ರಶ್ನೆ: ಕಾಗದ, ಗಾಜು, ಲೋಹಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ, ಏಕೆ?

ಅವುಗಳ ವ್ಯವಹಾರ ಸುಸೂತ್ರವಾಗಿ ನಡೆಯುತ್ತಿರುವುದರಿಂದ. ಅಲ್ಯೂಮಿನಿಯಂ ಡಬ್ಬಿಯನ್ನು ಎಷ್ಟು ಬಾರಿ ಕರಗಿಸಿದರೂ ಲೋಹ ಲೋಹವಾಗಿಯೇ ಉಳಿಯುತ್ತದೆ, ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು 95 ಪ್ರತಿಶತ ಉಳಿತಾಯವಾಗುತ್ತದೆ. ಗಾಜೂ ಹಾಗೆಯೇ ಗಾಜಾಗುತ್ತದೆ. ಒಡೆದದ್ದನ್ನು ಮಾತ್ರ ದಪ್ಪ ಕಾಗದದಲ್ಲಿ ಸುತ್ತಿ, ಹೇಳಿ ಕೊಡಿ. ಕಾಗದದ ನಾರು ಪ್ರತಿ ಸುತ್ತಿನಲ್ಲೂ ಗಿಡ್ಡವಾಗುವುದರಿಂದ ಐದಾರು ಸುತ್ತುಗಳ ಬಳಿಕ ಅದರ ಆಯುಸ್ಸು ಮುಗಿಯುತ್ತದೆ, ಅಷ್ಟರಲ್ಲಿ ಅದು ನೋಟ್‌ಬುಕ್ಕಿನಿಂದ ರಟ್ಟಿನ ಪೆಟ್ಟಿಗೆಗೆ, ಅಲ್ಲಿಂದ ಮೊಟ್ಟೆಯ ಟ್ರೇಗೆ ಇಳಿದಿರುತ್ತದೆ. ಎಣ್ಣೆ ಹೀರಿದ ಪಿಜ್ಜಾ ಪೆಟ್ಟಿಗೆಯ ತಳವನ್ನು ರದ್ದಿಗೆ ಸೇರಿಸಬೇಡಿ; ನುಣುಪಾದ ಬಿಲ್ ಚೀಟಿ, ಎಟಿಎಂ ಚೀಟಿಗಳನ್ನೂ ಸೇರಿಸಬೇಡಿ, ಅವುಗಳ ಮೇಲೆ ರಾಸಾಯನಿಕದ ಲೇಪವಿದೆ.

ಪ್ರಶ್ನೆ: ಜ್ಯೂಸಿನ ಟೆಟ್ರಾ ಪ್ಯಾಕ್?

ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪಾಲಿಥೀನ್, ಒಂದು ತೆಳು ಅಲ್ಯೂಮಿನಿಯಂ ಹಾಳೆ. ನೀರಿನಲ್ಲಿ ಕಡೆದು ನಾರನ್ನು ತೆಗೆಯುತ್ತಾರೆ, ಉಳಿದದ್ದನ್ನು ಒತ್ತಿ ಚಾವಣಿಯ ಹಾಳೆ, ಬೆಂಚು ಮಾಡುತ್ತಾರೆ. ಚಪ್ಪಟೆ ಮಾಡಿ ಒಣ ಕಸಕ್ಕೆ ಹಾಕಿ.

ಪ್ರಶ್ನೆ: ಡೈಪರ್ ಮತ್ತು ಸ್ಯಾನಿಟರಿ ಪ್ಯಾಡ್‌ಗಳಲ್ಲೂ ಪ್ಲಾಸ್ಟಿಕ್ ಇದೆ. ಅವನ್ನು ಒಣ ಕಸಕ್ಕೆ ಹಾಕಬಹುದೇ?

ಈ ಪ್ರಶ್ನೆ ಕೇಳಿದವರು ಆ ಚೀಲವನ್ನು ಬರಿಗೈಯಲ್ಲಿ ಬಿಚ್ಚುವವರು ಇದ್ದಾರೆಂಬುದನ್ನು ನೆನಪಿಡಬೇಕು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಹೊರಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಪೌರಕಾರ್ಮಿಕರ ಕೈಗೆ ಪ್ರತ್ಯೇಕವಾಗಿ ಕೊಡಿ. ಬಳಸಿದ ಸೂಜಿ, ಬ್ಲೇಡು, ಅವಧಿ ಮೀರಿದ ಮಾತ್ರೆಗಳನ್ನು ಇವುಗಳೊಂದಿಗೆ ಸೇರಿಸಬೇಡಿ. ಅವನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯೊಂದರಲ್ಲಿ ಕೂಡಿಟ್ಟು, ಅದರಲ್ಲೇನಿದೆ ಎಂದು ಮೇಲೆ ಬರೆದು ಕೊಡಿ.