5ಜಿ ಬಂತು ಅಂತ ಮನೆ ಫೈಬರ್ ತೆಗೆಸ್ಬೇಡಿ ಕಣಣ್ಣ

ಅಣ್ಣ, ಮಂಡ್ಯದಲ್ಲಿ 5ಜಿ ಬಂದದೆ, ಹೊಸ ಫೋನ್ ತಗೊಂಡು ಮನೆ ಫೈಬರ್ ಇಂಟರ್ನೆಟ್ ಕಟ್ ಮಾಡಿಸ್ಬುಡ್ಲಾ, 1 ಜಿಬಿಪಿಎಸ್ (ಅಂದ್ರೆ 1000 ಎಂಬಿಪಿಎಸ್) ಸ್ಪೀಡ್ ಸಿಕ್ತದಾ ಅಂತ ಕೇಳಿದ್ರಲ್ಲ, ಸದ್ಯಕ್ಕೆ ಬೇಡ. 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ಶುರುವಾದಾಗ ನಾನೂ ಹಿಂಗೇ ಕುಣಿದಿದ್ದೆ. ಆ 1 ಜಿಬಿಪಿಎಸ್ಸು ಟವರ್ ಎದುರ್ಗೆ, ಜನ ಇಲ್ದಿರೋ ಹೊತ್ನಲ್ಲಿ ಬರೋ ಲೆಕ್ಕ. ಸ್ಪೀಡ್ ಕೊಡೋದು ಜಾಸ್ತಿ 3.5 ಗಿಗಾಹರ್ಟ್ಸ್ ಬ್ಯಾಂಡು (ಸಿಗ್ನಲ್ ಬರೋ ರೇಡಿಯೋ ಅಲೆ ಅಂದ್ಕೊಳಿ), ಅದಕ್ಕೆ ಗೋಡೆ ಕಂಡ್ರಾಗಲ್ಲ. ವಿದ್ಯಾನಗರದ ನಮ್ಮನೆ ತಾರಸಿ ಮೇಲೆ ನಿಂತ್ರೆ 400 ಎಂಬಿಪಿಎಸ್ ದಾಟ್ತದೆ, ಕೆಳಗೆ ಅಡುಗೆಮನೆಗೆ ಇಳಿಯೋಷ್ಟ್ರಲ್ಲಿ 5ಜಿ ಗುರುತು ಹೋಗಿ 4ಜಿ ಅಂತ ಕೂತಿರ್ತದೆ, ನಮ್ಮವ್ವ ಸೊಪ್ಪು ಬಿಡಿಸ್ತಾ ಸೀರಿಯಲ್ ಹಾಕಿದ್ರೆ ಬರೀ ಚಕ್ರ ತಿರುಗ್ತಾನೇ ಇರ್ತದೆ. 700 ಮೆಗಾಹರ್ಟ್ಸ್ ಬ್ಯಾಂಡ್ ಆದ್ರೆ ಒಳಗೂ ಬತ್ತದೆ, ಆದ್ರೆ ಅದ್ರಲ್ಲಿ ಅಷ್ಟು ಸ್ಪೀಡ್ ಇರಲ್ಲ.

ಫೋನ್ ತಗೊಳೋದೇ ಆದ್ರೆ ಡಬ್ಬದ ಮೇಲಿನ 5ಜಿ ನಂಬ್ಕೋಬೇಡಿ, ಎನ್78 (ಆ 3.5 ಗಿಗಾಹರ್ಟ್ಸ್) ಎನ್28 (ಆ 700 ಮೆಗಾಹರ್ಟ್ಸ್) ಎರಡೂ ಬ್ಯಾಂಡ್ ಇದ್ಯಾ ಕೇಳಿ, ಅಂಗಡಿ ಹುಡುಗ ತಲೆ ಕೆರ್ಕೊಂಡ್ರೆ ನೀವೇ ಮೊಬೈಲಲ್ಲಿ ಹುಡುಕಿ ನೋಡಿ. ಸಿಮ್ ಸಾಮಾನ್ಯವಾಗಿ ಹಳೇ 4ಜಿದೇ ನಡೀತದೆ (5ಜಿ ಸಿಮ್ ಮಾಡ್ಕೊಡ್ತೀವಿ ಓಟಿಪಿ ಹೇಳಿ ಅನ್ನೋರು ಕಳ್ರು). ಮೊದ್ಲು ಪಕ್ಕದ ಮನೆಯೋರ 5ಜಿ ಫೋನ್ ಇಸ್ಕೊಂಡು ರಾತ್ರಿ 9 ಗಂಟೆಗೆ ನಿಮ್ಮ ರೂಮೊಳಗೇ ಸ್ಪೀಡ್ ಚೆಕ್ ಮಾಡಿ.