ದಾವಣಗೆರೆಯಲ್ಲಿ ನಾಯಿ ತರಬೇತಿ ಮಾಡಿಕೊಂಡು ಜೀವನ ನಡೆಯುತ್ತಾ?

ವಯಸ್ಸು 34, ಸಾಲ ವಸೂಲಿ ಕೆಲಸ ಸಾಕಾಗಿದೆ, ನಾಯಿ ಅಂದ್ರೆ ಪ್ರಾಣ, ಇದನ್ನೇ ಕೆಲಸ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಮಾಡಿಕೊಳ್ಳಬಹುದು. ಆದರೆ ಈಗಲೇ ರಾಜೀನಾಮೆ ಬರೆಯಬೇಡಿ. ನಾನು ಬಿತ್ತನೆ ಬೀಜ ಮಾರುತ್ತಲೇ ಎರಡು ವರ್ಷ ಭಾನುವಾರಗಳಲ್ಲಿ ಇದನ್ನು ಕಲಿತವನು.

ನಮ್ಮೂರಲ್ಲಿ ಈ ಆಸೆ ಹುಟ್ಟೋದು ಹೆಚ್ಚಾಗಿ ತುಂಗಾಳಿಂದ. 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಜಾಸ್ತಿ ಓಡಿತ್ತಲ್ಲ, ನಮ್ಮ ಪೊಲೀಸರ ಡಾಬರ್‌ಮನ್. ನಿಮಗೆ ಸಿಗೋದು ಅಂಥ ಕೆಲಸ ಅಲ್ಲ ಬಿಡಿ. ಸಿಲಿಂಡರ್ ತರುವವನನ್ನು ಕಂಡರೆ ಗೇಟು ಹಾರುವ ಲ್ಯಾಬ್ರಡಾರ್ ಸಿಗುತ್ತೆ. ಕೂರೋದು, ನಿಲ್ಲೋದು ಕಲಿಸಿ ಅಂತ ಕರೆಯುವವರು ಕಡಿಮೆ. ಕಚ್ಚಿದ ಮೇಲೆ ಫೋನ್ ಬರುತ್ತೆ.

ವಿದ್ಯಾನಗರದ ಒಂದು ಮನೆ. ಬಟ್ಟಲ ಹತ್ತಿರ ಯಾರಾದರೂ ಹೋದರೆ ನಾಯಿ ಗುರ್ ಅನ್ನುತ್ತಿತ್ತು. ಯಜಮಾನರು ಪೇಪರ್ ಸುತ್ತಿ ಹೊಡೆದು ಅದನ್ನು ಬಿಡಿಸಿದರು. ಒಂದು ದಿನ ಸದ್ದೇ ಮಾಡದೆ ಮೊಮ್ಮಗನ ಕೈಗೆ ಬಾಯಿ ಹಾಕಿತು. ಹೊಡೆತಕ್ಕೆ ಹೆದರಿ ಎಚ್ಚರಿಸೋದನ್ನು ಬಿಟ್ಟಿತ್ತು ಅಷ್ಟೇ, ಊಟ ಕಿತ್ತುಕೊಳ್ಳುತ್ತಾರೆ ಅನ್ನೋ ಭಯ ಹಾಗೇ ಇತ್ತು.

ಮೊದಲು ಹುಡುಗನನ್ನು ನಾಯಿ ಊಟದ ಹೊತ್ತಿಗೆ ಒಳಕೋಣೆಯಲ್ಲಿ ಇರಿಸಿದೆವು. ಆಮೇಲೆ ದೂರದಲ್ಲೇ ಹಾದುಹೋಗುತ್ತಾ ಬಟ್ಟಲ ಕಡೆ ಒಂದು ತುಂಡು ರುಚಿಯಾದ್ದು ಎಸೆಯೋದು, ವಾಪಸ್ ಬರೋದು. ನಾಯಿಯ ಮೈ ಸಡಿಲ ಇದ್ದರೆ ಮಾತ್ರ ಮಾರನೇ ದಿನ ಅರ್ಧ ಹೆಜ್ಜೆ ಹತ್ತಿರ. ಕೋಳಿ ಲಿವರ್ ಆಗಿದ್ದರೆ ಬೇಗ ಆಗುತ್ತಿತ್ತೇನೋ, ಲಿಂಗಾಯತರ ಮನೆ, ಪನೀರಲ್ಲೇ ಮುಗಿಸಬೇಕಾಯ್ತು. ಆರು ವಾರ ಹಿಡಿಯಿತು. ಅದರಲ್ಲಿ ನಾಲ್ಕು ವಾರ ಹೋಗಿದ್ದು ಯಜಮಾನರಿಗೆ ಕಲಿಸೋಕೆ. ನಾನಿಲ್ಲದಾಗ ಮತ್ತೆ ಪೇಪರ್ ಸುತ್ತುತ್ತಿದ್ದರು. ಅವರು ಸುಮ್ನೆ ಕೈ ಎತ್ತಿದರೂ ನಾಯಿ ಹೆದರಿ ತುಟಿ ನೆಕ್ಕಿಕೊಂಡು ಮುಖ ತಿರುಗಿಸುತ್ತಿತ್ತು, ಅದರಿಂದಲೇ ಸಿಕ್ಕಿಬಿದ್ದರು!

ಹಾಗಾಗಿ ನಿಮ್ಮ ವಸೂಲಿ ಅನುಭವ ವ್ಯರ್ಥ ಅಲ್ಲ ಕಣ್ರೀ. ಬಾಗಿಲಲ್ಲಿ ನಿಂತು, ಸಿಟ್ಟಾಗದೆ, ಹೇಳಿದ್ದನ್ನೇ ಹತ್ತು ಸಲ ಹೇಳೋಕೆ ಬರುತ್ತೆ ಅಲ್ವಾ?

ಈ ಕೆಲಸಕ್ಕೆ ಲೈಸೆನ್ಸ್ ಕಡ್ಡಾಯ ಇಲ್ಲ. ಅದಕ್ಕೇ ಯಾರು ಬೇಕಾದರೂ ಬೋರ್ಡ್ ಹಾಕುತ್ತಾರೆ. ನನಗೆ ಮೊದಲು ಕಲಿಸಿದವರು ಕುತ್ತಿಗೆ ಬಿಗಿಯುವ ಸರಪಳಿ ಎಳೆಯೋದನ್ನೇ ವಿದ್ಯೆ ಅಂದುಕೊಂಡಿದ್ದರು. ಹಾಗೆ ಎಳೆದು ಒಂದು ಜರ್ಮನ್ ಶೆಫರ್ಡ್‌ನಿಂದ ಎಡಗೈಗೆ ಏಳು ಹೊಲಿಗೆ ಹಾಕಿಸಿಕೊಂಡೆ. ಯಾರ ಹತ್ತಿರ ಕಲಿಯೋಕೆ ಹೋದರೂ ಒಂದು ದಿನ ಸುಮ್ಮನೆ ಕೂತು, ಅವರನ್ನು ಕಂಡಾಗ ಅವರ ನಾಯಿಗಳು ಬಾಲ ಹೇಗಿಟ್ಟುಕೊಳ್ಳುತ್ತವೆ ನೋಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಮೊದಲ ವರ್ಷ ನನಗೆ ತಿಂಗಳಿಗೆ ನಾಲ್ಕೈದು ಮನೆ ಸಿಕ್ಕರೆ ಹೆಚ್ಚು. ನಮ್ಮೂರ ಬೇಸಿಗೆ ಗೊತ್ತಲ್ಲ, ಒಂಬತ್ತು ಗಂಟೆ ಮೇಲೆ ಡಾಂಬರು ಕಾದು ನಾಯಿಯ ಪಾದ ಸುಡುತ್ತೆ, ಹೊರಗಿನ ಕೆಲಸ ಬಂದ್.

ಮೊದಲ ಮನೆಗೆ ಹೋಗುವ ಮುಂಚೆಯೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಆಮೇಲೆ ಕಚ್ಚಿದರೂ ಸಾಮಾನ್ಯವಾಗಿ ಎರಡೇ ಸೂಜಿ, ಅವತ್ತೊಂದು, ಅಲ್ಲಿಂದ ಮೂರು ದಿನಕ್ಕೆ ಇನ್ನೊಂದು. ಡಾಕ್ಟರ ಹತ್ತಿರ ಓಡುವ ಮುಂಚೆ ಗಾಯವನ್ನು ಸೋಪು ಹಚ್ಚಿ ನಲ್ಲಿ ಕೆಳಗೆ 15 ನಿಮಿಷ ತೊಳೆಯಿರಿ.