ಮನೋವೈದ್ಯರ ಸಂಪಾದನೆ ಎಷ್ಟು?

ಪ್ರಶ್ನೆ: ನನ್ನ ಮಗಳು ಎಂಬಿಬಿಎಸ್ ಮುಗಿಸಿದ್ದು, ಮನೋವೈದ್ಯಶಾಸ್ತ್ರದಲ್ಲಿಯೇ ಎಂ.ಡಿ. ಮಾಡುವೆನೆಂದು ಹಟ ಹಿಡಿದಿದ್ದಾಳೆ. ರೇಡಿಯಾಲಜಿಯನ್ನೋ ಚರ್ಮರೋಗ ವಿಭಾಗವನ್ನೋ ಬಿಟ್ಟು ದುಡ್ಡು ಹುಟ್ಟದ ಕಡೆ ಏಕೆ ಕಳಿಸುತ್ತೀರೆಂದು ನೆಂಟರು ಕೇಳುತ್ತಿದ್ದಾರೆ. ಈ ವೈದ್ಯರಿಗೆ ನಿಜಕ್ಕೂ ಎಷ್ಟು ವರಮಾನವಿರುತ್ತದೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಸರ್ಕಾರಿ ವೇತನದ ಲೆಕ್ಕ ಎಲ್ಲರಿಗೂ ತೆರೆದಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕೇಂದ್ರ ಸಂಸ್ಥೆಗಳಲ್ಲಿ, 7ನೇ ವೇತನ ಆಯೋಗದ ಪಟ್ಟಿಯಂತೆ, ಎಂ.ಡಿ. ಓದುತ್ತಿರುವ ಜೂನಿಯರ್ ರೆಸಿಡೆಂಟ್‌ಗೆ 56,100, ಓದು ಮುಗಿಸಿದ ಸೀನಿಯರ್ ರೆಸಿಡೆಂಟ್‌ಗೆ 67,700, ಸಹಾಯಕ ಪ್ರಾಧ್ಯಾಪಕರಿಗೆ 1,01,500 ರೂಪಾಯಿ ಆರಂಭಿಕ ಮೂಲವೇತನವಿದೆ. ಖಾಸಗಿಯಾಗಿ ವೃತ್ತಿ ನಡೆಸದಿರುವುದಕ್ಕೆ ಮೂಲವೇತನದ ಶೇ 20ರಷ್ಟು ಭತ್ಯೆ ಸೇರಿದರೆ ಸಹಾಯಕ ಪ್ರಾಧ್ಯಾಪಕರಿಗೆ 1,21,800 ಆಗುತ್ತದೆ. ಈ ಒಟ್ಟು ಮೊತ್ತದ ಮೇಲೆ ತುಟ್ಟಿಭತ್ಯೆ ಬೇರೆ. ಅದೇ ದರ್ಜೆಯ ಶಸ್ತ್ರಚಿಕಿತ್ಸಕರಿಗೂ ಇಷ್ಟೇ ವೇತನವಿರುವುದರಿಂದ ನೆಂಟರ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ.

ಅವರ ಮಾತಿನಲ್ಲಿ ಸತ್ಯಾಂಶವಿರುವುದು ಖಾಸಗಿ ಕ್ಷೇತ್ರದ ಮಟ್ಟಿಗೆ. ಶಸ್ತ್ರಕ್ರಿಯೆ, ಸ್ಕ್ಯಾನಿಂಗ್, ಪ್ರಯೋಗಾಲಯದ ಪರೀಕ್ಷೆ ಇವುಗಳಿಂದ ಆಸ್ಪತ್ರೆಗೆ ಬರುವ ಹಣ ಮನೋವೈದ್ಯ ವಿಭಾಗದಿಂದ ಬರುವುದಿಲ್ಲ; ಇಲ್ಲಿ ಮಾರಾಟಕ್ಕಿರುವುದು, ಕಟುವಾಗಿ ಹೇಳುವುದಾದರೆ, ವೈದ್ಯರ ಸಮಯ ಮಾತ್ರ. ಹೊಸ ರೋಗಿಯ ಮಾತನ್ನೂ ಮನೆಯವರ ಮಾತನ್ನೂ ಸರಿಯಾಗಿ ಕೇಳಲು ಮುಕ್ಕಾಲು ಗಂಟೆಯಾದರೂ ಬೇಕು. ಶುಲ್ಕ 800 ರೂಪಾಯಿ ಎಂದಿಟ್ಟುಕೊಂಡರೂ, ಗಂಟೆಗೆ ಒಬ್ಬರನ್ನು ನೋಡುವವರಿಗೂ ಆರು ಜನರನ್ನು ನೋಡಿ ಮಾತ್ರೆ ಬರೆದು ಕಳಿಸುವವರಿಗೂ ವರಮಾನದಲ್ಲಿ ಆರು ಪಟ್ಟು ಅಂತರ ಬೀಳುತ್ತದೆ. ಹೆಚ್ಚು ಗಳಿಸುವವರೆಲ್ಲ ಹೆಚ್ಚು ಚೆನ್ನಾಗಿ ಚಿಕಿತ್ಸೆ ನೀಡುತ್ತಾರೆಂದು ನಾನು ಹೇಳಲಾರೆ. ಆದರೆ ಸ್ವಂತ ಕ್ಲಿನಿಕ್ ತೆರೆಯಲು ಎರಡು ಕೋಣೆ, ಒಬ್ಬ ಸಹಾಯಕರು ಸಾಕು. ಯಂತ್ರಕ್ಕಾಗಿ ಕೋಟಿಗಟ್ಟಲೆ ಸಾಲ ಮಾಡಬೇಕಿಲ್ಲವೆಂಬುದನ್ನು ನೆಂಟರು ಲೆಕ್ಕಕ್ಕೆ ಹಿಡಿದಂತಿಲ್ಲ.

ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಇಷ್ಟು ಕೊರತೆಯಿದ್ದರೆ ಸಂಬಳ ತಾನಾಗಿ ಏರಬೇಕಲ್ಲವೇ ಎಂದರೆ, ಕಾಯಿಲೆಯಿರುವವರಲ್ಲಿ ಬಹುಪಾಲು ಜನ ನಾಚಿಕೆಯಿಂದಲೋ ಹಣವಿಲ್ಲದೆಯೋ ವೈದ್ಯರ ಬಾಗಿಲಿಗೆ ಬರುವುದೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ದೈಹಿಕ ಕಾಯಿಲೆಗಳಂತೆಯೇ ಇವಕ್ಕೂ ವಿಮೆ ಒದಗಿಸಬೇಕೆಂದು ಹೇಳುತ್ತದೆಯಾದರೂ, ವಿಮೆಯ ಹಣ ಹೆಚ್ಚಾಗಿ ದಾಖಲಾದ ರೋಗಿಗಳಿಗೆ ಸಿಗುತ್ತದೆ. ಮನೋವೈದ್ಯರ ಕೆಲಸವಾದರೋ ಬಹುತೇಕ ಹೊರರೋಗಿ ವಿಭಾಗದಲ್ಲೇ ನಡೆಯುತ್ತದೆ. ಮಕ್ಕಳ ಮನೋವೈದ್ಯದಂತಹ ಉಪವಿಭಾಗದಲ್ಲಿ ಡಿ.ಎಂ. (ಎಂ.ಡಿ. ನಂತರದ ಉನ್ನತ ಪದವಿ) ಮಾಡಿದವರಿಗೆ ಬೇಡಿಕೆ ಹೆಚ್ಚು. ಬೆಂಗಳೂರಿನಲ್ಲಿ ಶುಲ್ಕದೊಡನೆ ಪೈಪೋಟಿಯೂ ಬಾಡಿಗೆಯೂ ಹೆಚ್ಚಿರುತ್ತವೆ. ನಿಮ್ಮಂಥ ಜಿಲ್ಲಾಕೇಂದ್ರದಲ್ಲಿ ಶುಲ್ಕ ಕಡಿಮೆಯಾದರೂ ಹೆಸರು ಬೇಗ ಹಬ್ಬುತ್ತದೆ.

ಮುಂದೆ ಖಾಸಗಿ ಆಸ್ಪತ್ರೆ ಸೇರುವುದಾದರೆ, ನಿಗದಿತ ಸಂಬಳವೋ ಶುಲ್ಕದಲ್ಲಿ ಪಾಲೋ, ಪಾಲಾದರೆ ರೋಗಿಗಳು ಕಡಿಮೆಯಿರುವ ಮೊದಲ ತಿಂಗಳುಗಳಲ್ಲಿ ಕನಿಷ್ಠ ಮೊತ್ತದ ಖಾತ್ರಿಯಿದೆಯೋ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಲು ಮಗಳಿಗೆ ಹೇಳಿ.